ದ ಕ್ಲ್ಯಾಶ್ ಕೇಳಲು ಯಾವ ಆಲ್ಬಂನಿಂದ ಶುರು ಮಾಡಬೇಕು? ‘ಲಂಡನ್ ಕಾಲಿಂಗ್’ ಮತ್ತು ಉಳಿದ ಮೂರರ ಹೋಲಿಕೆ

ಪಂಕ್, ಅಂದರೆ 70ರ ದಶಕದ ಒರಟು, ವೇಗದ ರಾಕ್, ಕೇಳಬೇಕು ಅಂತ ಆಸೆಪಟ್ಟವರಿಗೆ ಎಲ್ಲರೂ ಹೇಳುವ ಹೆಸರುಗಳಲ್ಲಿ ದ ಕ್ಲ್ಯಾಶ್ ಒಂದು. ಹೆಸರು ಸಿಕ್ಕ ಮೇಲೆ ತೊಂದರೆ ಶುರು. ಈ ಬ್ಯಾಂಡಿನ ಒಂದು ಆಲ್ಬಂ ಇನ್ನೊಂದರ ಹಾಗಿಲ್ಲ. ಒಂದು 35 ನಿಮಿಷಕ್ಕೆ ಮುಗಿದರೆ ಇನ್ನೊಂದು ಎರಡು ಗಂಟೆ ದಾಟುತ್ತದೆ. ಒಂದರಲ್ಲಿ ಬರೀ ಗಿಟಾರ್ ಅಬ್ಬರ, ಇನ್ನೊಂದರಲ್ಲಿ ಮಕ್ಕಳ ಹಾಡುಗಾರಿಕೆಯೂ ಇದೆ. ತಪ್ಪು ಕಡೆಯಿಂದ ಶುರು ಮಾಡಿದರೆ ‘ಇದು ನನಗಲ್ಲ’ ಅಂತ ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ. ಹಾಗಾಗಬಾರದು ಅನ್ನುವುದೇ ಈ ಬರಹದ ಉದ್ದೇಶ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ‘ಲಂಡನ್ ಕಾಲಿಂಗ್’ನಿಂದ ಶುರು ಮಾಡಬೇಕು. ಅದು ಪ್ರಸಿದ್ಧ ಅನ್ನುವುದು ಇದಕ್ಕೆ ಕಾರಣವಲ್ಲ. ಜಮೈಕಾದ ರೆಗೇ, ಸ್ಕಾ, ಅಮೆರಿಕದ ರಾಕಬಿಲಿ, ಜಾಝ್, ಸೋಲ್ ಎಲ್ಲವನ್ನೂ ಪಂಕ್ ಜೊತೆ ಬೆರೆಸಿದ ಮೇಲೂ ಅದರಲ್ಲಿ ಪ್ರತಿಯೊಂದೂ ಒಂದು ಪೂರ್ತಿ ಹಾಡಾಗಿಯೇ ನಿಲ್ಲುತ್ತದೆ. ಮೊದಲ ಆಲ್ಬಂನಲ್ಲಿ ಬೆರಕೆ ಇನ್ನೂ ಮೊಳಕೆ. ‘ಸಾಂಡಿನಿಸ್ಟಾ!’ದಲ್ಲಿ ಅದು ಎಷ್ಟೋ ಕಡೆ ಬರೀ ಪ್ರಯೋಗವಾಗಿ ಉಳಿದಿದೆ. ‘ಕಾಂಬ್ಯಾಟ್ ರಾಕ್’ನಲ್ಲಿ ಅದ್ಭುತವಾದ ಹಾಡುಗಳಿವೆ, ಆದರೆ ಆ ಹೊತ್ತಿಗೆ ಬ್ಯಾಂಡೇ ಒಡೆಯುತ್ತಿತ್ತು. ಆದರೂ ಕೆಲವರಿಗೆ ಈ ಮೂರರಲ್ಲೊಂದು ‘ಲಂಡನ್ ಕಾಲಿಂಗ್’ಗಿಂತ ಒಳ್ಳೆಯ ಬಾಗಿಲಾಗಬಹುದು. ನೀವು ಈಗಾಗಲೇ ಏನು ಕೇಳುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಇವರು ಯಾರು

ದ ಕ್ಲ್ಯಾಶ್ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಯಾಂಡ್. ಜೋ ಸ್ಟ್ರಮ್ಮರ್ ಮತ್ತು ಮಿಕ್ ಜೋನ್ಸ್ ಹಾಡಿ ಗಿಟಾರ್ ನುಡಿಸುತ್ತಿದ್ದರು. ಬೇಸ್ ಗಿಟಾರ್ ಪಾಲ್ ಸಿಮೊನನ್ ಅವರದು. 1977ರಲ್ಲಿ ಡ್ರಮ್ಮರ್ ಆಗಿ ಟಾಪರ್ ಹೆಡನ್ ಸೇರಿದರು. ಟಾಪರ್ ಬರದೇ ಇದ್ದಿದ್ದರೆ ನಾವಿಲ್ಲಿ ಮಾತಾಡುತ್ತಿರುವ ಬೆರಕೆ ಸಾಧ್ಯವೇ ಆಗುತ್ತಿರಲಿಲ್ಲ. ಜಾಝ್, ಫಂಕ್, ರೆಗೇ ಯಾವ ತಾಳ ಕೊಟ್ಟರೂ ಅದರೊಳಗೆ ಸಲೀಸಾಗಿ ಇಳಿಯುವ ಡ್ರಮ್ಮರ್ ಅವರು.

ಸಿಮೊನನ್ ಬೆಳೆದದ್ದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ, ಕೆರಿಬಿಯನ್ ಕುಟುಂಬಗಳ ನಡುವೆ. ರೆಗೇ ಅವರಿಗೆ ಅಕ್ಕಪಕ್ಕದ ಮನೆಯ ಸಂಗೀತ. ಇವರ ಗೆಳೆಯ ಡಾನ್ ಲೆಟ್ಸ್ ಲಂಡನ್ನಿನ ರಾಕ್ಸಿ ಕ್ಲಬ್‌ನಲ್ಲಿ ಡೀಜೆ ಆಗಿದ್ದರು. ಆಗಿನ್ನೂ ಪಂಕ್ ರೆಕಾರ್ಡುಗಳೇ ಹೆಚ್ಚು ಬಂದಿರಲಿಲ್ಲ. ಹಾಗಾಗಿ ಬ್ಯಾಂಡುಗಳ ನಡುವಿನ ಬಿಡುವಿನಲ್ಲಿ ಅವರು ರೆಗೇ ಹಾಕುತ್ತಿದ್ದರು. ಪಂಕ್ ಕೇಳಲು ಬಂದ ಹುಡುಗರು ರೆಗೇ ಕಲಿತು ಹೋಗುತ್ತಿದ್ದರು. ಪಂಕ್ ಮತ್ತು ರೆಗೇ ಹತ್ತಿರವಾದದ್ದು ಹೀಗೆ, ಒಂದೇ ಊರಿನ ಒಂದೇ ಕೋಣೆಯಲ್ಲಿ.

ಮೊದಲ ಆಲ್ಬಂ, 1977

ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡ ಈ ಆಲ್ಬಂ 1977ರ ಏಪ್ರಿಲ್‌ನಲ್ಲಿ ಸಿಬಿಎಸ್ ಕಂಪನಿಯಿಂದ ಬಂತು. 14 ಹಾಡುಗಳು. ಕೆಲವೇ ದಿನಗಳಲ್ಲಿ, ಕಡಿಮೆ ಖರ್ಚಿನಲ್ಲಿ ರೆಕಾರ್ಡ್ ಆದದ್ದು ಕೇಳಿದ ಕೂಡಲೇ ಗೊತ್ತಾಗುತ್ತದೆ. ದನಿ ಒರಟು, ವೇಗ ಜಾಸ್ತಿ, ಮಾತು ನೇರ: ಕೆಲಸ ಇಲ್ಲ, ಬೇಸರ ಇದೆ, ಪೊಲೀಸರ ಕಾಟ ಇದೆ.

ಇದರಲ್ಲಿ ಒಂದು ಹಾಡು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ್ದ ‘ಪೊಲೀಸ್ ಆ್ಯಂಡ್ ಥೀವ್ಸ್’ ಹಾಡನ್ನು ಇವರು ತಮ್ಮದೇ ಒರಟು ರೀತಿಯಲ್ಲಿ ಆರು ನಿಮಿಷ ನುಡಿಸಿದ್ದಾರೆ. ಸುತ್ತಲಿನ ಹಾಡುಗಳೆಲ್ಲ ಎರಡು ಮೂರು ನಿಮಿಷದವು. ಇವರು ರೆಗೇಯನ್ನು ಅಚ್ಚುಕಟ್ಟಾಗಿ ನಕಲು ಮಾಡಲು ಹೋಗಲಿಲ್ಲ, ಅದೇ ಅದರ ಗೆಲುವು. ಮೂಲ ಹಾಡನ್ನು ರೂಪಿಸಿದ್ದ ಲೀ ಪೆರಿ ಆಮೇಲೆ ಇವರ ‘ಕಂಪ್ಲೀಟ್ ಕಂಟ್ರೋಲ್’ ಹಾಡಿಗೆ ಸ್ಟುಡಿಯೋದಲ್ಲಿ ಕೆಲಸ ಮಾಡಿದರು. ಬಾಬ್ ಮಾರ್ಲಿ ಅದೇ ವರ್ಷ ‘ಪಂಕಿ ರೆಗೇ ಪಾರ್ಟಿ’ ಹಾಡಿನಲ್ಲಿ ಇವರ ಹೆಸರು ಹೇಳಿದರು.

ಬೆಂಗಳೂರಿನಲ್ಲಿ ರಾಕ್ ಕೇಳುವವರಲ್ಲಿ ಮೆಟಲ್ ಪ್ರಿಯರೇ ಹೆಚ್ಚು. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಲು ನೆರೆದ ಜನರನ್ನು ನೆನೆಸಿಕೊಳ್ಳಿ. ನೀವು ಆ ಕಡೆಯಿಂದ ಬಂದವರಾದರೆ, ವೇಗ ಮತ್ತು ಸಿಟ್ಟು ಮೊದಲು ಬೇಕು ಅನಿಸಿದರೆ, ಇಲ್ಲಿಂದಲೇ ಶುರು ಮಾಡಿ. ಒಂದು ಸೂಚನೆ: ಇದರ ಅಮೆರಿಕನ್ ಆವೃತ್ತಿ 1979ರಲ್ಲಿ ಬಂತು. ಅದರಲ್ಲಿ ಕೆಲವು ಹಾಡು ತೆಗೆದು ಬೇರೆ ಸಿಂಗಲ್‌ಗಳನ್ನು (ಒಂಟಿಯಾಗಿ ಬಿಡುಗಡೆಯಾದ ಹಾಡುಗಳನ್ನು) ಸೇರಿಸಿದ್ದಾರೆ. ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೆ’ ಅನ್ನುವ 1978ರ ಹಾಡು ಅದರಲ್ಲಿದೆ. ರೆಗೇ ಕಾರ್ಯಕ್ರಮಕ್ಕೆ ಹೋದ ಬಿಳಿಯ ಹುಡುಗನೊಬ್ಬನ ಯೋಚನೆಗಳ ಹಾಡು ಅದು. ಪಂಕ್ ಮತ್ತು ರೆಗೇ ಎರಡೂ ಸಮನಾಗಿ ಬೆರೆತ ಇವರ ಮೊದಲ ಸ್ವಂತ ಹಾಡು ಅದೇ ಅನ್ನಬಹುದು. ಹಾಗಾಗಿ ಅಮೆರಿಕನ್ ಆವೃತ್ತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

1978ರ ಎರಡನೇ ಆಲ್ಬಂ ‘ಗಿವ್ ಎಮ್ ಇನಫ್ ರೋಪ್’ ಅನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ಒಳ್ಳೆಯ ಗಿಟಾರ್ ಆಲ್ಬಂ ಅದು. ಆದರೆ ಶುರು ಮಾಡಲು ಸರಿಯಾದ ಜಾಗವಲ್ಲ.

‘ಲಂಡನ್ ಕಾಲಿಂಗ್’, 1979

1979ರಲ್ಲಿ ಬ್ಯಾಂಡಿನ ಸ್ಥಿತಿ ಚೆನ್ನಾಗಿರಲಿಲ್ಲ. ಮ್ಯಾನೇಜರ್ ಬರ್ನಿ ರೋಡ್ಸ್ ಜೊತೆ ಸಂಬಂಧ ಮುರಿದಿತ್ತು, ಸಾಲ ಇತ್ತು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದಿದ್ದರು. ಪಿಮ್ಲಿಕೋದಲ್ಲಿ ಒಂದು ಗ್ಯಾರೇಜಿನ ಹಿಂದೆ ಇದ್ದ ವೆನಿಲಾ ಅನ್ನುವ ತಾಲೀಮು ಕೋಣೆಯನ್ನು ಇವರು ಹಿಡಿದರು. ಅಲ್ಲಿ ಹೊರಗಿನವರ ಕಾಟ ಇರಲಿಲ್ಲ. ದಿನಾ ಫುಟ್‌ಬಾಲ್ ಆಡುವುದು, ಆಮೇಲೆ ನುಡಿಸುವುದು. ತಮಗೆ ಇಷ್ಟವಾದ ಹಳೆಯ ಹಾಡುಗಳನ್ನೆಲ್ಲ ನುಡಿಸುತ್ತಾ ಹೋದರು. ಹೊಸ ಹಾಡುಗಳು ಅದರ ನಡುವೆಯೇ ಹುಟ್ಟಿದವು. ಆಲ್ಬಂನಲ್ಲಿ ಇಷ್ಟೊಂದು ಬಗೆ ಇದ್ದರೂ ಅದು ಅಂಟಿಸಿದ ಹಾಗೆ ಕೇಳುವುದಿಲ್ಲ. ಬೇರೆಯವರ ಸಂಗೀತವನ್ನು ಮೊದಲು ಕೈಯಲ್ಲಿ ಪಳಗಿಸಿಕೊಂಡು ಆಮೇಲೆ ತಮ್ಮದನ್ನು ಬರೆದದ್ದೇ ಅದಕ್ಕೆ ಕಾರಣ ಅಂತ ನನಗನಿಸುತ್ತದೆ.

ರೆಕಾರ್ಡಿಂಗ್ ನಡೆದದ್ದು ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಗೈ ಸ್ಟೀವನ್ಸ್ ಕುಡಿತಕ್ಕೆ ಸಿಕ್ಕಿದ್ದ, ಆದರೆ ಹಳೆಯ ಅಮೆರಿಕನ್ ಸಂಗೀತವನ್ನು ಆಳವಾಗಿ ಬಲ್ಲ ಮನುಷ್ಯ. ಹುರುಪು ಬರಲಿ ಅಂತ ಏಣಿ ಬೀಸುತ್ತಿದ್ದರು, ಕುರ್ಚಿ ಎಸೆಯುತ್ತಿದ್ದರು. ವಿನ್ಸ್ ಟೇಲರ್ 1959ರಲ್ಲಿ ಹಾಡಿದ್ದ ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ನುಡಿಸಿದಾಗ ಹಾಡು ಹೋಗುತ್ತಾ ಹೋಗುತ್ತಾ ವೇಗವಾಯಿತು. ಮತ್ತೊಮ್ಮೆ ನುಡಿಸೋಣ ಅಂದರೆ ಸ್ಟೀವನ್ಸ್ ಒಪ್ಪಲಿಲ್ಲ. ರಾಕ್ ಆ್ಯಂಡ್ ರೋಲ್ ಅಂದರೆ ವೇಗ ಏರುವುದೇ ಅನ್ನುವುದು ಅವರ ನಿಲುವು. ಆ ಟೇಕೇ ಆಲ್ಬಂನಲ್ಲಿದೆ. ಎಂಜಿನಿಯರ್ ಬಿಲ್ ಪ್ರೈಸ್ ಈ ಗಲಾಟೆಯ ನಡುವೆ ಪ್ರತಿಯೊಂದು ವಾದ್ಯವನ್ನೂ ಸ್ಪಷ್ಟವಾಗಿ ಹಿಡಿದರು. ಅವರ ಕೆಲಸವನ್ನು ಜನ ಕಡಿಮೆ ಹೊಗಳುತ್ತಾರೆ.

ಈಗ ಹಾಡುಗಳಿಗೆ ಬರೋಣ. ಒಟ್ಟು 19, ಸುಮಾರು 65 ನಿಮಿಷ. ಶೀರ್ಷಿಕೆ ಹಾಡಿಗೆ ಹೆಸರು ಬಂದದ್ದು ಬಿಬಿಸಿಯ ರೇಡಿಯೋ ಪ್ರಸಾರದ ಹಳೆಯ ಘೋಷಣೆಯಿಂದ. ಥೇಮ್ಸ್ ನದಿ ಉಕ್ಕುವ ಭಯ, ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ನಡೆದ ಅವಘಡ, ಎರಡೂ ಅದರಲ್ಲಿವೆ. ಕವಾಯತಿನ ಹಾಗೆ ಹೆಜ್ಜೆ ಹಾಕುವ ಗಿಟಾರ್, ಅದರ ಕೆಳಗೆ ರೆಗೇಯಂತೆ ತೂಗುವ ಬೇಸ್. ಮೊದಲ ಹಾಡಿನಲ್ಲೇ ಬೆರಕೆ ಶುರುವಾಗಿದೆ, ಆದರೆ ನಿಮಗೆ ಅದು ಬೆರಕೆ ಅಂತ ಹೊಳೆಯುವುದೇ ಇಲ್ಲ.

ರೆಗೇ, ಸ್ಕಾ ಹೊಸದಾದವರಿಗೆ ಒಂದು ಕಿವಿಮಾತು. ಈ ಸಂಗೀತದಲ್ಲಿ ಗಿಟಾರಿನ ಏಟು ತಾಳದ ಮೇಲೆ ಬೀಳುವುದಿಲ್ಲ, ಎರಡು ತಾಳಗಳ ನಡುವೆ ಬೀಳುತ್ತದೆ. ‘ರೂಡಿ ಕಾಂಟ್ ಫೇಲ್’ ಹಾಕಿಕೊಂಡು ಸುಮ್ನೆ ಕಾಲಿನಲ್ಲಿ ತಾಳ ಹಾಕಿ ನೋಡಿ. ಕಾಲು ನೆಲಕ್ಕೆ ಬಿದ್ದಾಗ ಅಲ್ಲ, ಮೇಲೆದ್ದಾಗ ಗಿಟಾರ್ ಕೇಳುತ್ತದೆ. ಇದು ಒಮ್ಮೆ ಹಿಡಿದರೆ ಆಲ್ಬಂನ ಅರ್ಧ ಭಾಗ ತೆರೆದುಕೊಳ್ಳುತ್ತದೆ. ಆಮೇಲೆ ‘ರಾಂಗ್ ಎಮ್ ಬಾಯೋ’ ಕೇಳಿ. ಅದು ಹಳೆಯ ಅಮೆರಿಕನ್ ಲಾವಣಿಯೊಂದರ ನಾಯಕ ಸ್ಟ್ಯಾಗರ್ ಲೀ ಕತೆಯಾಗಿ ಶುರುವಾಗುತ್ತದೆ, ನಡುವೆಯೇ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ ಸ್ಕಾ ಆಗಿ ಹೊರಡುತ್ತದೆ. ಅಮೆರಿಕದ ಕಪ್ಪು ಜನರ ಕತೆ ಜಮೈಕಾಗೆ ಹೋಗಿ ಲಂಡನ್ನಿಗೆ ಬಂದ ದಾರಿ ಆ ಒಂದೇ ಹಾಡಿನಲ್ಲಿ ಕೇಳುತ್ತದೆ.

‘ದ ಗನ್ಸ್ ಆಫ್ ಬ್ರಿಕ್ಸ್‌ಟನ್’ ಸಿಮೊನನ್ ಬರೆದು ಹಾಡಿದ್ದು. ಹಾಡುಗಾರರ ದನಿ ಅವರಿಗಿಲ್ಲ, ಆದರೆ ಆ ಒಣ ದನಿಯೇ ಹಾಡಿಗೆ ಬೇಕಿತ್ತು. ಮನೆಬಾಗಿಲಿಗೆ ಪೊಲೀಸರು ಬಂದರೆ ಏನು ಮಾಡುತ್ತೀಯ ಅನ್ನುವ ಪ್ರಶ್ನೆ ಅದರದ್ದು. 1981ರ ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್ ಗಲಭೆಯಲ್ಲಿ ಹೊತ್ತಿ ಉರಿಯಿತು. ಹಾಡು ಅದಕ್ಕಿಂತ ಒಂದು ವರ್ಷಕ್ಕೂ ಮೊದಲಿನದು. ‘ಸ್ಪ್ಯಾನಿಶ್ ಬಾಂಬ್ಸ್’ನಲ್ಲಿ ಸ್ಪೇನಿನ ಅಂತರ್ಯುದ್ಧ ಮತ್ತು ಕವಿ ಲೋರ್ಕಾ ಬರುತ್ತಾರೆ, ಆದರೆ ಮಟ್ಟು ಮಾತ್ರ ಹಗುರ, ಗುನುಗುವಂಥದ್ದು. ‘ಲಾಸ್ಟ್ ಇನ್ ದ ಸೂಪರ್‌ಮಾರ್ಕೆಟ್’ ನನಗೆ ತುಂಬಾ ಹತ್ತಿರದ ಹಾಡು. ಅಜ್ಜಿಯ ಮನೆಯಲ್ಲಿ ಬೆಳೆದ ಮಿಕ್ ಜೋನ್ಸ್ ಬಾಲ್ಯವನ್ನು ಸ್ಟ್ರಮ್ಮರ್ ಊಹಿಸಿ ಬರೆದರು, ಹಾಡಲು ಜೋನ್ಸ್‌ಗೇ ಕೊಟ್ಟರು. ಗೆಳೆಯನ ಒಂಟಿತನವನ್ನು ಗೆಳೆಯನೇ ಬರೆದುಕೊಟ್ಟ ಹಾಡು ಅದು. ಪಂಕ್ ಅಂದರೆ ಬರೀ ಕೂಗಾಟ ಅಂದುಕೊಂಡವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ‘ಲವರ್ಸ್ ರಾಕ್’ ತೆಳುವಾಗಿದೆ, ‘ಕೋಕಾ ಕೋಲಾ’ ಬೇಗ ಮರೆತುಹೋಗುತ್ತದೆ. ಕೊನೆಯ ‘ಟ್ರೇನ್ ಇನ್ ವೇನ್’ ಬಗ್ಗೆ ಒಂದು ಮಾತು: ಅದನ್ನು ಪತ್ರಿಕೆಯೊಂದರ ಜೊತೆ ಉಚಿತ ಡಿಸ್ಕ್ ಆಗಿ ಕೊಡುವ ಯೋಚನೆ ಇತ್ತು. ಅದು ಬಿದ್ದುಹೋದ ಮೇಲೆ ಆಲ್ಬಂಗೆ ಸೇರಿಸಿದರು. ಅಷ್ಟರಲ್ಲಿ ಹೊದಿಕೆ ಸಿದ್ಧವಾಗಿತ್ತು, ಹಾಗಾಗಿ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 23ನೇ ಸ್ಥಾನಕ್ಕೆ ಏರಿದ್ದು ಅದೇ ಹಾಡು.

ಬೆಲೆಯ ವಿಷಯವನ್ನೂ ಹೇಳಬೇಕು. ಎರಡು ಎಲ್‌ಪಿ (ಎರಡೂ ಬದಿ ಹಾಡುಗಳಿರುವ ದೊಡ್ಡ ರೆಕಾರ್ಡ್) ಮಾಡಲು ಕಂಪನಿಗೆ ಮನಸ್ಸಿರಲಿಲ್ಲ. ಒಂದು ಎಲ್‌ಪಿ ಜೊತೆ ಉಚಿತವಾಗಿ ಒಂದು 12 ಇಂಚಿನ ಸಿಂಗಲ್ ಕೊಡಿ ಅಂತ ಬ್ಯಾಂಡ್ ಕೇಳಿತು. ಕಂಪನಿ ಒಪ್ಪಿತು. ಆ ಸಿಂಗಲ್ ಬೆಳೆದು ಬೆಳೆದು ಎರಡನೇ ಎಲ್‌ಪಿಯೇ ಆಯಿತು. ಕೊನೆಗೆ ಎರಡೂ ಒಂದರ ಬೆಲೆಗೆ ಸಿಕ್ಕವು. ದುಡ್ಡಿಲ್ಲದ ಕೇಳುಗರ ಬಗ್ಗೆ ಈ ಕಾಳಜಿ ಇವರಲ್ಲಿ ಕೊನೆಯವರೆಗೂ ಇತ್ತು.

‘ಸಾಂಡಿನಿಸ್ಟಾ!’, 1980

ಸರಿಯಾಗಿ ಒಂದು ವರ್ಷಕ್ಕೆ, 1980ರ ಡಿಸೆಂಬರ್‌ನಲ್ಲಿ, ಮೂರು ಎಲ್‌ಪಿಗಳ ಆಲ್ಬಂ ಬಂತು. 36 ಹಾಡು, ಆರು ಬದಿ, ಬದಿಗೆ ಆರು. ಬೆಲೆ ಕಡಿಮೆ ಇರಲಿ ಅಂತ ಬ್ರಿಟನ್ನಿನಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನು ಇವರು ಬಿಟ್ಟುಕೊಟ್ಟರು. ಹೆಸರು ನಿಕರಾಗುವಾದ ಕ್ರಾಂತಿಕಾರಿಗಳದ್ದು. ಲಂಡನ್, ನ್ಯೂಯಾರ್ಕ್, ಜಮೈಕಾದ ಕಿಂಗ್‌ಸ್ಟನ್ ಮೂರೂ ಕಡೆ ರೆಕಾರ್ಡ್ ಮಾಡಿದರು. ಡಬ್ (ಹಾಡಿನ ದನಿ ಕಡಿಮೆ ಮಾಡಿ ಬೇಸ್, ಪ್ರತಿಧ್ವನಿ ಮುಂದಿಟ್ಟು ಮತ್ತೆ ಜೋಡಿಸಿದ ರೆಗೇ), ಗಾಸ್ಪೆಲ್, ಜಾಝ್, ವಾಲ್ಟ್ಜ್, ಕ್ಯಾಲಿಪ್ಸೋ, ಹಿಪ್‌ಹಾಪ್, ಏನುಂಟು ಏನಿಲ್ಲ!

ಇದು ಅತಿಯಾಯಿತು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆರನೇ ಬದಿಯ ಹೆಚ್ಚಿನ ಭಾಗ ಈಗಾಗಲೇ ಕೇಳಿದ ಹಾಡುಗಳ ಡಬ್ ರೂಪ. ಆದರೆ ಇದರ ಮೊದಲ ಹಾಡು ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಇಡೀ ಆಲ್ಬಂನ ಭಾರ ಹೊರುತ್ತದೆ. ನ್ಯೂಯಾರ್ಕಿನಲ್ಲಿ ಆಗತಾನೇ ಬೆಳೆಯುತ್ತಿದ್ದ ಹಿಪ್‌ಹಾಪ್ ಕೇಳಿ, ದಿನಗೂಲಿಯ ಬದುಕಿನ ಬಗ್ಗೆ ಸ್ಟ್ರಮ್ಮರ್ ಮಾಡಿದ ರ‍್ಯಾಪ್ ಅದು. ರಾಕ್ ಬ್ಯಾಂಡ್ ಒಂದು ಹಿಪ್‌ಹಾಪನ್ನು ಅಷ್ಟು ಬೇಗ, ಅಷ್ಟು ಗೌರವದಿಂದ ಹತ್ತಿರ ಮಾಡಿಕೊಂಡದ್ದು ದೊಡ್ಡ ಸಂಗತಿ. ಅವರ ಅಭಿಮಾನಿಗಳು ಅದಕ್ಕೆ ಸಿದ್ಧರಿರಲಿಲ್ಲ. 1981ರಲ್ಲಿ ನ್ಯೂಯಾರ್ಕಿನ ಬಾಂಡ್ಸ್ ಕ್ಲಬ್‌ನಲ್ಲಿ ಇವರ 17 ಕಾರ್ಯಕ್ರಮ ನಡೆದವು. ಇವರಿಗಿಂತ ಮೊದಲು ವೇದಿಕೆ ಹತ್ತಿದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹಿಪ್‌ಹಾಪ್ ತಂಡದ ಮೇಲೆ ಜನ ಕಪ್ ಎಸೆದರು.

ಇದನ್ನು ಯಾರು ಮೊದಲು ಕೇಳಬೇಕು? ಡಬ್ ಮತ್ತು ಹಿಪ್‌ಹಾಪ್ ನಿಮ್ಮ ದಿನನಿತ್ಯದ ಸಂಗೀತವಾಗಿದ್ದರೆ, ಸ್ಟುಡಿಯೋದಲ್ಲಿ ಶಬ್ದ ಜೋಡಿಸುವ ಕೆಲಸದಲ್ಲಿ ನಿಮಗೆ ಆಸಕ್ತಿ ಇದ್ದರೆ, ಧೈರ್ಯವಾಗಿ ಹೋಗಿ. ಉಳಿದವರು ‘ದ ಮ್ಯಾಗ್ನಿಫಿಸೆಂಟ್ ಸೆವೆನ್’, ‘ಸಮ್‌ಬಡಿ ಗಾಟ್ ಮರ್ಡರ್ಡ್’, ‘ಪೊಲೀಸ್ ಆನ್ ಮೈ ಬ್ಯಾಕ್’, ‘ವಾಷಿಂಗ್ಟನ್ ಬುಲೆಟ್ಸ್’, ‘ಬ್ರಾಡ್‌ವೇ’ ಆರಿಸಿ ಒಂದು ಪ್ಲೇಲಿಸ್ಟ್ ಮಾಡಿಕೊಳ್ಳಿ. ಒಂದೇ ಸಲಕ್ಕೆ 36 ಹಾಡನ್ನೂ ಕೇಳುವ ಹಟ ಬೇಡ.

‘ಕಾಂಬ್ಯಾಟ್ ರಾಕ್’, 1982

ನಿಮಗೆ ಗೊತ್ತಿಲ್ಲದೆಯೇ ನೀವು ಈ ಆಲ್ಬಂ ಕೇಳಿದ್ದೀರಿ. ‘ಷುಡ್ ಐ ಸ್ಟೇ ಆರ್ ಷುಡ್ ಐ ಗೋ’ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಲ್ಲಿದೆ. ‘ರಾಕ್ ದ ಕಾಸ್ಬಾ’ ಅಮೆರಿಕದಲ್ಲಿ 8ನೇ ಸ್ಥಾನಕ್ಕೆ ಏರಿತು. ಅದರ ಪಿಯಾನೋ, ಬೇಸ್, ಡ್ರಮ್ಸ್ ಮೂರನ್ನೂ ನುಡಿಸಿದ್ದು ಟಾಪರ್. ಆಲ್ಬಂ ಬಂದ ಹೊತ್ತಿಗೇ ಹೆರಾಯಿನ್ ಚಟದ ಕಾರಣ ಅವರನ್ನು ಬ್ಯಾಂಡಿನಿಂದ ಕಳಿಸಿದರು. ಮುಂದಿನ ವರ್ಷ ಜೋನ್ಸ್ ಅವರನ್ನೂ ಕಳಿಸಿದರು. ಅಲ್ಲಿಗೆ ನಿಜವಾದ ದ ಕ್ಲ್ಯಾಶ್ ಮುಗಿಯಿತು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಈ ಆಲ್ಬಂನ ಬೆಲೆ ಇರುವುದು ‘ಸ್ಟ್ರೇಟ್ ಟು ಹೆಲ್’ನಲ್ಲಿ. ವಿಯೆಟ್ನಾಂನಲ್ಲಿ ಅಮೆರಿಕನ್ ಸೈನಿಕರು ಬಿಟ್ಟುಹೋದ ಮಕ್ಕಳು, ಬ್ರಿಟನ್ನಿನಲ್ಲಿ ಯಾರಿಗೂ ಬೇಡವಾದ ವಲಸಿಗರು, ಇವರ ಹಾಡು ಅದು. ನಿಧಾನ ಲಯ, ಮಂಜಿನ ಹಾಗೆ ಹರಡುವ ಗಿಟಾರ್. ಇದನ್ನೇ ಎಂ.ಐ.ಎ. ತಮ್ಮ ‘ಪೇಪರ್ ಪ್ಲೇನ್ಸ್’ ಹಾಡಿಗೆ ಬಳಸಿದರು. ಅವರು ಶ್ರೀಲಂಕಾ ತಮಿಳು ಕುಟುಂಬದ, ಲಂಡನ್ನಿನಲ್ಲಿ ಹುಟ್ಟಿದ ಕಲಾವಿದೆ. ಆ ಹಾಡು ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದಲ್ಲಿ, ಎ.ಆರ್. ರೆಹಮಾನ್ ಸಂಗೀತದ ಜೊತೆಗೆ, ರೈಲಿನ ದೃಶ್ಯಗಳಲ್ಲಿ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ದ ಕ್ಲ್ಯಾಶ್ ಗಿಟಾರನ್ನು ಮೊದಲು ಕೇಳಿದ್ದು ಅಲ್ಲೇ ಇರಬೇಕು. ಎಂ.ಐ.ಎ. ತೆಗೆದುಕೊಂಡದ್ದು ಬರೀ ಮಟ್ಟನ್ನಲ್ಲ. ಅವರ ಹಾಡೂ ವೀಸಾ, ವಲಸಿಗರ ಬಗೆಗಿನ ಅನುಮಾನ ಇವುಗಳ ಬಗ್ಗೆಯೇ ಇದೆ.

ಸಿನಿಮಾ ಸಂಗೀತ, ಪಾಪ್ ಕೇಳಿ ಬೆಳೆದವರು, ಪಂಕ್ ಅಂದರೆ ಸ್ವಲ್ಪ ಹಿಂಜರಿಯುವವರು ಇಲ್ಲಿಂದ ಶುರು ಮಾಡಬಹುದು. ಎರಡನೇ ಬದಿ ಕೊಂಚ ಕಷ್ಟ ಕೊಡುತ್ತದೆ. ಬಿಟ್ಟುಬಿಟ್ಟರೂ ನಷ್ಟವಿಲ್ಲ.

ಪ್ರಭಾವ ಎಲ್ಲಿಗೆಲ್ಲ ಹೋಯಿತು

ನಾಲ್ಕರಲ್ಲಿ ಅತಿ ಹೆಚ್ಚು ದಾರಿ ತೆರೆದದ್ದು ‘ಲಂಡನ್ ಕಾಲಿಂಗ್’. 1989ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು 80ರ ದಶಕದ ಅತ್ಯುತ್ತಮ ಆಲ್ಬಂ ಅಂದಿತು, ಯಾಕೆಂದರೆ ಅಮೆರಿಕದಲ್ಲಿ ಅದು ಬಂದದ್ದು 1980ರ ಜನವರಿಯಲ್ಲಿ. ಪಟ್ಟಿಗಳಿಗಿಂತ ಸಂಗೀತಗಾರರ ಕೈಯಲ್ಲಿ ಅದು ಏನಾಯಿತು ಅನ್ನುವುದು ಮುಖ್ಯ. ‘ದ ಗನ್ಸ್ ಆಫ್ ಬ್ರಿಕ್ಸ್‌ಟನ್’ನ ಬೇಸ್ ಸಾಲನ್ನು ನಾರ್ಮನ್ ಕುಕ್, ಆಮೇಲೆ ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದವರು, ಬೀಟ್ಸ್ ಇಂಟರ್‌ನ್ಯಾಷನಲ್ ತಂಡದ ‘ಡಬ್ ಬಿ ಗುಡ್ ಟು ಮಿ’ಗೆ ಬಳಸಿದರು. 1990ರಲ್ಲಿ ಅದು ಬ್ರಿಟನ್ನಿನಲ್ಲಿ ನಂಬರ್ ಒನ್. ಕ್ಯಾಲಿಫೋರ್ನಿಯಾದ ಆಪರೇಷನ್ ಐವಿ, ರ‍್ಯಾನ್ಸಿಡ್ ಬ್ಯಾಂಡುಗಳು ಸ್ಕಾ ಮತ್ತು ಪಂಕ್ ಜೋಡಿಯನ್ನು ಹೊಸ ಪೀಳಿಗೆಗೆ ಕೊಟ್ಟವು. ಪ್ಯಾರಿಸ್‌ನಲ್ಲಿ ಮನು ಚಾವೋ ಅವರ ಮಾನೋ ನೆಗ್ರಾ ಅದೇ ದಾರಿಯಲ್ಲಿ ಸ್ಪ್ಯಾನಿಶ್, ಫ್ರೆಂಚ್, ಅರಬ್ಬಿ ಎಲ್ಲವನ್ನೂ ಸೇರಿಸಿತು. ಹಿಪ್‌ಹಾಪ್ ತಂಡ ಪಬ್ಲಿಕ್ ಎನಿಮಿಯ ಚಕ್ ಡಿ ಈ ಬ್ಯಾಂಡಿನ ಕತೆ ಹೇಳುವ ಪಾಡ್‌ಕಾಸ್ಟ್ ಸರಣಿಗೆ 2019ರಲ್ಲಿ ದನಿ ಕೊಟ್ಟರು.

ಹೊದಿಕೆಯ ಚಿತ್ರಕ್ಕೂ ತನ್ನದೇ ಬದುಕಿದೆ. 1979ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪಲ್ಲಾಡಿಯಂನಲ್ಲಿ ಸಿಮೊನನ್ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸಿದಾಗ ಪೆನ್ನಿ ಸ್ಮಿತ್ ತೆಗೆದ ಚಿತ್ರ ಅದು. ಫೋಕಸ್ ತಪ್ಪಿದೆ, ಬೇಡ ಅಂತ ಅವರೇ ಹೇಳಿದ್ದರು. ಅಕ್ಷರಗಳ ಗುಲಾಬಿ ಮತ್ತು ಹಸಿರು ಬಣ್ಣ ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಂನಿಂದ ಬಂದದ್ದು. 2010ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಈ ಹೊದಿಕೆಯನ್ನು ಅಂಚೆಚೀಟಿ ಮಾಡಿತು.

ಯಾವ ಆವೃತ್ತಿ ತೆಗೆದುಕೊಳ್ಳಬೇಕು

‘ಲಂಡನ್ ಕಾಲಿಂಗ್’ ಆರಿಸಿಕೊಂಡಿರಾದರೆ ಮೊದಲ ಸಲಕ್ಕೆ 19 ಹಾಡಿನ ಸಾದಾ ಆವೃತ್ತಿ ಸಾಕು. ಹಾಡುಗಳ ಕ್ರಮ ಬದಲಿಸಬೇಡಿ, ಷಫಲ್ ಆಫ್ ಮಾಡಿ. ಎಲ್‌ಪಿಯ ನಾಲ್ಕು ಬದಿಗಳಿಗೆ ತಕ್ಕಂತೆ ಜೋಡಿಸಿದ ಕ್ರಮ ಅದು. ಹಾಗಾಗಿ ಐದಾರು ಹಾಡು ಕೇಳಿ ನಿಲ್ಲಿಸಿ, ಉಳಿದದ್ದು ನಾಳೆ ಕೇಳಿದರೂ ಸರಿಯೇ. ಸ್ಟ್ರಮ್ಮರ್ ಉಚ್ಚಾರ ಮೊದಲಿಗೆ ಹಿಡಿಯುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಹಿಡಿಯುವುದಿಲ್ಲ. ಮೊದಲ ಸಲ ಲಯ ಕೇಳಿ, ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಳ್ಳಿ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕಾಣೆಯಾಗುತ್ತದೆ, ಈ ಆಲ್ಬಂನಲ್ಲಿ ಬೇಸ್ ಹೋದರೆ ಅರ್ಧ ಆಲ್ಬಂ ಹೋದಂತೆ, ಅಲ್ವಾ? ಸಾಧಾರಣ ಹೆಡ್‌ಫೋನ್ ಆದರೂ ಹಾಕಿಕೊಳ್ಳಿ.

2004ರಲ್ಲಿ ಬಂದ 25ನೇ ವರ್ಷದ ಆವೃತ್ತಿ ಆಮೇಲಿನ ಹಂತಕ್ಕೆ. ವೆನಿಲಾ ಕೋಣೆಯ ತಾಲೀಮಿನ ಟೇಪುಗಳು ಅದರಲ್ಲಿವೆ. ಟೇಪನ್ನು ಗೈ ಸ್ಟೀವನ್ಸ್‌ಗೆ ತಲುಪಿಸಲು ಹೊರಟಿದ್ದ ಬ್ಯಾಂಡಿನ ಸಹಾಯಕ ಅದನ್ನು ಲಂಡನ್ನಿನ ಸುರಂಗ ರೈಲಿನಲ್ಲಿ ಕಳೆದುಕೊಂಡಿದ್ದ. ಹೋಯಿತು ಅಂತಲೇ ಎಲ್ಲರೂ ತಿಳಿದಿದ್ದರು. ವರ್ಷಗಳ ನಂತರ ಜೋನ್ಸ್ ಅವರ ಬಳಿ ಇನ್ನೊಂದು ಪ್ರತಿ ಸಿಕ್ಕಿತು. ದನಿ ಮಸುಕಾಗಿದೆ, ಆದರೆ ಹಾಡುಗಳು ಆಕಾರ ಪಡೆಯುವುದನ್ನು ಕೇಳಬಹುದು. ಜೊತೆಗೆ ಡಾನ್ ಲೆಟ್ಸ್ ಮಾಡಿದ ಸಾಕ್ಷ್ಯಚಿತ್ರದ ಡಿವಿಡಿ ಇದೆ, ಗೈ ಸ್ಟೀವನ್ಸ್ ಸ್ಟುಡಿಯೋದಲ್ಲಿ ಏಣಿ ಹಿಡಿದ ದೃಶ್ಯಗಳನ್ನು ಅದರಲ್ಲಿ ನೋಡಬಹುದು. ಮೂಲ ಆಲ್ಬಂ ನಿಮಗೆ ಬಾಯಿಪಾಠ ಆದ ಮೇಲೆ ಇದಕ್ಕೆ ದುಡ್ಡು ಹಾಕಿ.